ಮಾತಿಗಿಂತ ವೋಟು ನಂಬಿ: ‘ಯಾರು ಇಂಪೋಸ್ಟರ್’ ಆಟಗಳ ಬಗ್ಗೆ ಓದುಗರ ಪ್ರಶ್ನೆಗಳು

ಗುಂಪಿನಲ್ಲಿ ಅಡಗಿರುವ ಮೋಸಗಾರರನ್ನು ಪತ್ತೆಹಚ್ಚುವ ಆನ್‌ಲೈನ್ ಆಟಗಳ ಬಗ್ಗೆ ಈ ಸಲ ಸಾಕಷ್ಟು ಪ್ರಶ್ನೆಗಳು ಬಂದಿವೆ. ಈ ಆಟಗಳ ಮೂಲಪುರುಷ ಎನ್ನಬಹುದಾದ ‘ಮಾಫಿಯಾ’ವನ್ನು 1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ದಿಮಿತ್ರಿ ಡೇವಿಡಾಫ್ ರೂಪಿಸಿದರು. ಅದರಲ್ಲಿ ರಾತ್ರಿ ಮಾಫಿಯಾದವರು ಗುಟ್ಟಾಗಿ ಒಬ್ಬರನ್ನು ಕೊಲ್ಲುತ್ತಾರೆ, ಹಗಲು ಎಲ್ಲರೂ ಸೇರಿ ವೋಟು ಹಾಕಿ ಅನುಮಾನ ಬಂದವರನ್ನು ಔಟ್ ಮಾಡುತ್ತಾರೆ. 1997ರಲ್ಲಿ ಆಂಡ್ರ್ಯೂ ಪ್ಲಾಟ್ಕಿನ್ ಅದನ್ನೇ ‘ವೇರ್‌ವುಲ್ಫ್’ ಮಾಡಿದರು. 2018ರಲ್ಲಿ ಬಂದು 2020ರಲ್ಲಿ ಮನೆಮಾತಾದ ‘ಅಮಾಂಗ್ ಅಸ್’ ಕೂಡ ಇದೇ ವಂಶದ್ದು. ಅಲ್ಲಿ ಮೋಸಗಾರರಾದ ಇಂಪೋಸ್ಟರ್‌ಗಳು ಗುಟ್ಟಾಗಿ ಕೊಲ್ಲುತ್ತಾರೆ. ಉಳಿದವರು, ಅಂದರೆ ಕ್ರೂಮೇಟ್‌ಗಳು, ಟಾಸ್ಕ್ ಎಂಬ ಸಣ್ಣ ಕೆಲಸಗಳನ್ನು ಮುಗಿಸುತ್ತಾ ಮೀಟಿಂಗ್‌ನಲ್ಲಿ ಚರ್ಚಿಸಿ ವೋಟು ಹಾಕುತ್ತಾರೆ. ಎಲ್ಲದರಲ್ಲೂ ಇರುವುದು ಒಂದೇ ಹೂರಣ: ಕೆಲವರಿಗೆ ಯಾರು ಯಾರೆಂದು ಗೊತ್ತು, ಉಳಿದವರಿಗೆ ಏನೂ ಗೊತ್ತಿಲ್ಲ. ಮೋಸಗಾರರನ್ನು ಹಿಡಿಯುವ ದಾರಿಗಳೆಲ್ಲ ಈ ವ್ಯತ್ಯಾಸದಿಂದಲೇ ಹೊರಡುತ್ತವೆ.

ಪ್ರಶ್ನೆ: ವಾಯ್ಸ್ ಚಾಟ್‌ನಲ್ಲಿ ದನಿ ನಡುಗಿದವರನ್ನು, ತಡವರಿಸಿದವರನ್ನು ನಾವು ಔಟ್ ಮಾಡುತ್ತೇವೆ. ಹತ್ತರಲ್ಲಿ ಐದು ಸಲ ತಪ್ಪಾಗುತ್ತದೆ. ದನಿಯಿಂದ ಸುಳ್ಳು ಹಿಡಿಯಲು ಆಗುವುದೇ ಇಲ್ಲವೇ?

ಉತ್ತರ: ನಿಮ್ಮ ಲೆಕ್ಕ ಸಂಶೋಧಕರ ಲೆಕ್ಕಕ್ಕೆ ಬಹಳ ಹತ್ತಿರವಿದೆ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ 2006ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಸುಮಾರು 24 ಸಾವಿರ ಜನ ಕೊಟ್ಟ ತೀರ್ಪುಗಳಲ್ಲಿ ಸರಿಯಾಗಿದ್ದದ್ದು ಸರಾಸರಿ ಶೇ. 54 ಮಾತ್ರ. ನಾಣ್ಯ ಚಿಮ್ಮಿದರೂ ಶೇ. 50 ಸಿಗುತ್ತದೆ. ಅದರಲ್ಲೂ ನಿಜವನ್ನು ನಿಜ ಎಂದು ಗುರುತಿಸಿದ್ದಕ್ಕಿಂತ ಸುಳ್ಳನ್ನು ಸುಳ್ಳು ಎಂದು ಗುರುತಿಸಿದ್ದು ಕಡಿಮೆ.

ಕಾರಣ ಸರಳ. ದನಿ ನಡುಗುವುದು ಸುಳ್ಳಿನಿಂದಲ್ಲ, ಒತ್ತಡದಿಂದ. ಏಳೆಂಟು ಜನ ಒಮ್ಮೆಗೇ ‘ನೀನೇ ಮಾಡಿದ್ದು’ ಎಂದರೆ ಏನೂ ಮಾಡದವರೂ ತಡವರಿಸುತ್ತಾರೆ. ಪಳಗಿದ ಇಂಪೋಸ್ಟರ್‌ಗಾದರೆ ಏನು ಹೇಳಬೇಕೆಂದು ಮೀಟಿಂಗಿಗೆ ಮೊದಲೇ ಯೋಚಿಸಿಕೊಳ್ಳಲು ಪುರುಸೊತ್ತು ಇರುತ್ತದೆ.

ದನಿಯನ್ನು ಬಳಸಲೇಬೇಕೆಂದರೆ ಬೇರೆಯವರ ಜೊತೆಗಲ್ಲ, ಅದೇ ವ್ಯಕ್ತಿಯ ಹಿಂದಿನ ಆಟಗಳ ಜೊತೆ ಹೋಲಿಸಿ. ಸದಾ ವಟಗುಟ್ಟುವವರು ಇವತ್ತು ಮೂರು ಮೀಟಿಂಗ್‌ನಲ್ಲೂ ಒಂದೊಂದೇ ಸಾಲು ಹೇಳಿದ್ದರೆ ಅದು ಗಮನಿಸಬೇಕಾದ ಸಂಗತಿ. ಸದಾ ಮೌನವಾಗಿರುವವರ ಮೌನಕ್ಕೆ ಅರ್ಥವಿಲ್ಲ. ಒಬ್ಬರನ್ನು ಇಂಪೋಸ್ಟರ್ ಆಗಿಯೂ ಕ್ರೂಮೇಟ್ ಆಗಿಯೂ ಕೆಲವು ಸಲವಾದರೂ ನೋಡಿರದೆ ಈ ಹೋಲಿಕೆ ಮಾಡಬೇಡಿ. ಅಪರಿಚಿತರ ಜೊತೆ ಆಡುವಾಗ ಇದನ್ನು ಪೂರ್ತಿ ಕೈಬಿಡಿ.

ಪ್ರಶ್ನೆ: ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರಲ್ಲ. ತನ್ನನ್ನು ತಾನೇ ಹೆಚ್ಚು ಸಮರ್ಥಿಸಿಕೊಳ್ಳುವವರೇ ಕಳ್ಳರಲ್ಲವೇ?

ಉತ್ತರ: ಈ ಆಟಗಳಲ್ಲಿ ಆ ಗಾದೆ ನಡೆಯುವುದಿಲ್ಲ. ಗಾದೆಯಲ್ಲಿ ಯಾರ ಹೆಸರನ್ನೂ ಹೇಳಿಲ್ಲ, ಆದರೂ ಒಬ್ಬ ಹೆಗಲು ಮುಟ್ಟಿಕೊಂಡ. ಇಲ್ಲಿ ನೇರವಾಗಿ ಹೆಸರು ಹಿಡಿದೇ ದೂರುತ್ತೀರಿ. ಆಗ ಎಲ್ಲರೂ ಸಮರ್ಥಿಸಿಕೊಳ್ಳುತ್ತಾರೆ, ಮಾಡಿಕೊಳ್ಳಲೂಬೇಕು.

ನೋಡಬೇಕಾದದ್ದು ಎಷ್ಟು ಸಮರ್ಥಿಸಿಕೊಂಡರು ಎಂಬುದನ್ನಲ್ಲ, ಹೇಗೆ ಎಂಬುದನ್ನು. ಏನೂ ಮಾಡದವರು ಸಾಮಾನ್ಯವಾಗಿ ಪರೀಕ್ಷಿಸಬಹುದಾದ ಮಾಹಿತಿ ಕೊಡುತ್ತಾರೆ: ‘ನಾನು ನ್ಯಾವಿಗೇಷನ್ ಕೋಣೆಯಲ್ಲಿದ್ದೆ, ಹೊರಬರುವಾಗ ಹಸಿರು ಬಣ್ಣದವರು ಎದುರಾದರು, ಅವರನ್ನೇ ಕೇಳಿ.’ ಮೋಸಗಾರರ ವಾದ ಪರೀಕ್ಷೆಗೆ ಸಿಗದಂತಿರುತ್ತದೆ: ‘ನಾನಾಗಿದ್ದರೆ ಇಷ್ಟು ದಡ್ಡತನದಿಂದ ಕೊಲ್ಲುತ್ತಿದ್ದೆನಾ?’, ‘ನನ್ನನ್ನು ಔಟ್ ಮಾಡಿದರೆ ಆಮೇಲೆ ಪಶ್ಚಾತ್ತಾಪ ಪಡುತ್ತೀರಿ.’ ಇಂಥ ಮಾತಿನಲ್ಲಿ ಮಾಹಿತಿ ಎಂಬುದೇ ಇಲ್ಲ. ಹೊಸದಾಗಿ ಆಡುವವರೂ ಹೀಗೆ ಮಾತಾಡುತ್ತಾರೆ, ಹಾಗಾಗಿ ಇದೊಂದರ ಮೇಲೆ ವೋಟು ಹಾಕಬೇಡಿ. ‘ಸರಿ, ಎಲ್ಲಿದ್ದಿರಿ, ಯಾರು ನೋಡಿದರು?’ ಎಂದು ಇನ್ನೊಮ್ಮೆ ಕೇಳಿ.

ಪ್ರಶ್ನೆ: ಅಮಾಂಗ್ ಅಸ್‌ನಲ್ಲಿ ಬಾಡಿ ರಿಪೋರ್ಟ್ ಆದ (ಹೆಣ ಸಿಕ್ಕಿತೆಂದು ಯಾರಾದರೂ ತಿಳಿಸಿದ) ಕೂಡಲೇ ಎಲ್ಲರೂ ‘ಎಲ್ಲಿ? ಎಲ್ಲಿ?’ ಎಂದು ಕಿರುಚಾಡಿ ಸಮಯ ಹಾಳಾಗುತ್ತದೆ. ಮೀಟಿಂಗ್ ಹೇಗೆ ನಡೆಸಬೇಕು?

ಉತ್ತರ: ಆಟ ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಇಲ್ಲೇ, ಹಾಗಾಗಿ ವಿವರವಾಗಿ ಹೇಳುತ್ತೇವೆ.

ಮೀಟಿಂಗ್ ಪರದೆಯಲ್ಲಿ ಯಾರು ರಿಪೋರ್ಟ್ ಮಾಡಿದರು, ಯಾರು ಸತ್ತರು ಎಂಬುದು ಕಾಣುತ್ತದೆ. ಬಾಡಿ ಎಲ್ಲಿತ್ತು ಎಂಬುದು ಕಾಣುವುದಿಲ್ಲ. ಅದು ರಿಪೋರ್ಟ್ ಮಾಡಿದವರಿಗೂ ಕೊಂದವರಿಗೂ ಮಾತ್ರ ಗೊತ್ತು. ಈ ಬೆಲೆಬಾಳುವ ಗುಟ್ಟನ್ನು ಹೆಚ್ಚಿನವರು ಮೊದಲ ಎರಡು ಸೆಕೆಂಡಿನಲ್ಲೇ ಬಿಟ್ಟುಕೊಡುತ್ತಾರೆ. ಹಾಗೆ ಮಾಡಬೇಡಿ. ರಿಪೋರ್ಟ್ ಮಾಡಿದವರು ಜಾಗ ಹೇಳುವ ಮೊದಲು ಉಳಿದವರೆಲ್ಲ ತಾವು ಕೊನೆಗೆ ಯಾವ ಕೋಣೆಯಲ್ಲಿದ್ದೆವು, ಜೊತೆಗೆ ಯಾರಿದ್ದರು ಎಂದು ಒಂದೊಂದು ಸಾಲು ಹೇಳಲಿ. ಆಮೇಲೆ ಜಾಗ ಹೇಳಿ. ಜಾಗ ಗೊತ್ತಾದ ಮೇಲೆ ಕತೆ ಹೊಂದಿಸುವುದು ಸುಲಭ, ಗೊತ್ತಿಲ್ಲದವರಂತೆ ನಟಿಸುತ್ತಾ ಹೊಂದಿಸುವುದು ಕಷ್ಟ. ಜಾಗ ಹೇಳುವ ಮೊದಲೇ ಯಾರಾದರೂ ‘ನಾನು ಎಲೆಕ್ಟ್ರಿಕಲ್ ಕಡೆ ಹೋಗೇ ಇಲ್ಲ’ ಎಂದರೆ, ಮತ್ತು ಬಾಡಿ ನಿಜವಾಗಿ ಎಲೆಕ್ಟ್ರಿಕಲ್‌ನಲ್ಲಿದ್ದರೆ, ಅಷ್ಟು ಗಟ್ಟಿ ಸುಳಿವು ಇಡೀ ಆಟದಲ್ಲಿ ಮತ್ತೆ ಸಿಗುವುದು ಅಪರೂಪ.

ಮುಂದೆ ನಾಲ್ಕು ಪ್ರಶ್ನೆ ಸಾಕು: ಯಾವ ಕೋಣೆ, ಯಾವ ದಾರಿಯಲ್ಲಿ ಹೋದಿರಿ, ಯಾವ ಟಾಸ್ಕ್, ದಾರಿಯಲ್ಲಿ ಯಾರನ್ನು ಕಂಡಿರಿ. ಕೊನೆಯ ಪ್ರಶ್ನೆಯೇ ಮುಖ್ಯ, ಏಕೆಂದರೆ ಅದಕ್ಕೆ ಕೊಟ್ಟ ಉತ್ತರವನ್ನು ಇನ್ನೊಬ್ಬರು ಹೌದು ಅಥವಾ ಅಲ್ಲ ಎನ್ನಬಹುದು.

ಸ್ಕೆಲ್ಡ್ ಎಂಬ ಬಾಹ್ಯಾಕಾಶ ನೌಕೆಯ ಮ್ಯಾಪಿನ ಒಂದು ಸಂದರ್ಭ ನೋಡೋಣ. ಬಾಡಿ ಎಲೆಕ್ಟ್ರಿಕಲ್‌ನಲ್ಲಿ ಸಿಕ್ಕಿದೆ. ನೇರಳೆ ಬಣ್ಣದವರು ‘ನಾನು ಮೆಡ್‌ಬೇಯಲ್ಲಿದ್ದೆ, ಕಿತ್ತಳೆಯವರು ನನ್ನನ್ನು ನೋಡಿದ್ದಾರೆ’ ಎನ್ನುತ್ತಾರೆ. ಕಿತ್ತಳೆಯವರೂ ಹೌದೆನ್ನುತ್ತಾರೆ. ನಡೆದು ಹೋಗುವುದಾದರೆ ಎರಡೂ ಕೋಣೆ ದೂರ, ಸ್ಟೋರೇಜ್ ಮತ್ತು ಕೆಫೆಟೇರಿಯಾ ದಾಟಬೇಕು, ಇಲ್ಲವೇ ಎಂಜಿನ್ ಕೋಣೆಗಳ ಕಡೆಯಿಂದ ಸುತ್ತಿ ಬರಬೇಕು. ಹಾಗಾಗಿ ಹೆಚ್ಚಿನವರು ನೇರಳೆಯನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆದರೆ ಎಲೆಕ್ಟ್ರಿಕಲ್, ಮೆಡ್‌ಬೇ, ಸೆಕ್ಯುರಿಟಿ ಮೂರೂ ಒಂದೇ ವೆಂಟ್ (ಇಂಪೋಸ್ಟರ್‌ಗಳು ನುಸುಳುವ ಗಾಳಿ ಕಿಂಡಿ) ಜಾಲದಲ್ಲಿವೆ. ಕೊಂದು ವೆಂಟಿಗೆ ಇಳಿದರೆ ಕ್ಷಣದಲ್ಲಿ ಮೆಡ್‌ಬೇಯಲ್ಲಿ ಏಳಬಹುದು. ಆದ್ದರಿಂದ ‘ಮೆಡ್‌ಬೇಯಲ್ಲಿ ನೋಡಿದೆ’ ಎಂಬ ಸಾಕ್ಷಿ ಸಾಲದು. ‘ಮೆಡ್‌ಬೇಗೆ ನಡೆದು ಒಳಹೋಗುವುದನ್ನು ನೋಡಿದೆ’ ಎಂದರೆ ಅದಕ್ಕೆ ತೂಕವಿದೆ. ಅದೇ ನೇರಳೆಯವರನ್ನು ನ್ಯಾವಿಗೇಷನ್‌ನಲ್ಲಿ ನೋಡಿದ್ದರೆ ಮಾತೇ ಬೇರೆ, ಎಲೆಕ್ಟ್ರಿಕಲ್‌ನಿಂದ ಅಲ್ಲಿಗೆ ವೆಂಟ್ ದಾರಿ ಇಲ್ಲ. ಕೆಫೆಟೇರಿಯಾ, ಅಡ್ಮಿನ್ ಮತ್ತು ಶೀಲ್ಡ್ಸ್ ಬಳಿಯ ಹಾದಿ ಇನ್ನೊಂದು ಜಾಲ. ರಿಯಾಕ್ಟರ್‌ನಿಂದ ಎರಡು ಎಂಜಿನ್ ಕೋಣೆಗಳಿಗೆ ಬೇರೆ ಬೇರೆ ವೆಂಟ್ ಇವೆ, ನ್ಯಾವಿಗೇಷನ್‌ನಿಂದ ವೆಪನ್ಸ್‌ಗೂ ಶೀಲ್ಡ್ಸ್‌ಗೂ ಹಾಗೆಯೇ. ಈ ಜಾಲಗಳನ್ನು ಬಾಯಿಪಾಠ ಮಾಡಿಕೊಂಡರೆ ಅರ್ಧ ಸುಳ್ಳುಗಳು ಅಲ್ಲೇ ಬಯಲಾಗುತ್ತವೆ.

ಕಿಲ್ ಕೂಲ್‌ಡೌನ್, ಅಂದರೆ ಇಂಪೋಸ್ಟರ್ ಕೊಲ್ಲುವ ಮೊದಲು ಕಾಯಬೇಕಾದ ಸಮಯ, ಎಷ್ಟಿದೆ ಎಂದು ಆಟದ ಮೊದಲೇ ನೋಡಿಕೊಳ್ಳಿ. ಪ್ರತಿ ಮೀಟಿಂಗ್ ಮುಗಿದ ಮೇಲೆ ಅದು ಹೊಸದಾಗಿ ಶುರುವಾಗುತ್ತದೆ. 30 ಸೆಕೆಂಡ್ ಇದ್ದರೆ, ಮೀಟಿಂಗ್ ಮುಗಿದು 40ನೇ ಸೆಕೆಂಡಿಗೆ ಎರಡು ಬಾಡಿ ಬಿದ್ದಿದ್ದರೆ ಒಬ್ಬರೇ ಎರಡೂ ಮಾಡಿರಲು ಸಾಧ್ಯವಿಲ್ಲ. ಒಂದು ಬಾಡಿಗೆ ಗಟ್ಟಿ ಅಲಿಬಿ (ಆಗ ಬೇರೆ ಕಡೆ ಇದ್ದರೆಂಬ ಸಾಕ್ಷಿ) ಇದೆ ಎಂದು ಒಬ್ಬರನ್ನು ಬಿಟ್ಟುಬಿಡುವ ಮೊದಲು ಇದನ್ನು ನೆನಪಿಸಿಕೊಳ್ಳಿ, ಇನ್ನೊಂದು ಬಾಡಿ ಅವರದ್ದೇ ಕೆಲಸ ಆಗಿರಬಹುದು.

ಪ್ರಶ್ನೆ: ಟಾಸ್ಕ್ ಮಾಡುತ್ತಿರುವಂತೆ ನಟಿಸುವವರನ್ನು ಹೇಗೆ ಕಂಡುಹಿಡಿಯುವುದು? ಟಾಸ್ಕ್ ಬಾರ್ (ಎಲ್ಲರ ಟಾಸ್ಕ್ ಒಟ್ಟು ಎಷ್ಟು ಮುಗಿದಿದೆ ಎಂದು ತೋರಿಸುವ ಪಟ್ಟಿ) ಏರಲಿಲ್ಲ ಎಂದು ಒಬ್ಬರನ್ನು ಔಟ್ ಮಾಡಿದೆವು, ಅವರು ಕ್ರೂಮೇಟ್ ಆಗಿದ್ದರು.

ಉತ್ತರ: ಅವರು ಬಹುಶಃ ವೈರಿಂಗ್ ಮಾಡುತ್ತಿದ್ದಿರಬೇಕು. ವೈರಿಂಗ್‌ಗೆ ಮೂರು ಜಾಗ. ಮೂರನೆಯದು ಮುಗಿದ ಮೇಲೆ ಬಾರ್ ಏರುತ್ತದೆ, ಮೊದಲ ಎರಡಕ್ಕೆ ಏರುವುದಿಲ್ಲ. ಡೌನ್‌ಲೋಡ್ ಮಾಡಿ ಅಪ್‌ಲೋಡ್ ಮಾಡುವ ಕೆಲಸವೂ ಹಾಗೆಯೇ. ಬಾರ್ ಏರಿದರೂ ಪೂರ್ತಿ ನಂಬುವಂತಿಲ್ಲ, ಅದೇ ಹೊತ್ತಿಗೆ ಬೇರೆ ಕೋಣೆಯಲ್ಲಿ ಇನ್ಯಾರೋ ಟಾಸ್ಕ್ ಮುಗಿಸಿರಬಹುದು. ಸತ್ತವರೂ ಟಾಸ್ಕ್ ಮಾಡುತ್ತಿರುತ್ತಾರೆ ಎಂಬುದನ್ನು ಮರೆಯಬೇಡಿ.

ಗಟ್ಟಿ ಸಾಕ್ಷಿ ಬೇಕಿದ್ದರೆ ಸೆಟ್ಟಿಂಗ್‌ನಲ್ಲಿ ವಿಷುಯಲ್ ಟಾಸ್ಕ್ ಆನ್ ಇರಬೇಕು. ಆಗ ಮೆಡ್‌ಬೇಯ ಸ್ಕ್ಯಾನ್, ವೆಪನ್ಸ್‌ನಲ್ಲಿ ಉಲ್ಕೆಗಳಿಗೆ ಗುಂಡು ಹಾರುವುದು, ಸ್ಟೋರೇಜ್‌ನಿಂದ ಕಸ ಹೊರಬೀಳುವುದು ನೋಡುಗರಿಗೂ ಕಾಣುತ್ತದೆ. ಇಂಪೋಸ್ಟರ್‌ಗೆ ಇದನ್ನು ನಟಿಸಲು ಆಗದು. ಸ್ಕ್ಯಾನ್ ಸುಮಾರು 10 ಸೆಕೆಂಡ್ ಹಿಡಿಯುತ್ತದೆ, ಒಂದು ಸಲಕ್ಕೆ ಒಬ್ಬರು ಮಾತ್ರ. ‘ಬನ್ನಿ, ಸ್ಕ್ಯಾನ್ ತೋರಿಸುತ್ತೇನೆ’ ಎಂದು ಕರೆದರೆ ಒಬ್ಬರೇ ಹೋಗಬೇಡಿ, ಇನ್ನೊಬ್ಬರನ್ನು ಕರೆದುಕೊಂಡು ಹೋಗಿ.

ಇನ್ನೊಂದು ಸಣ್ಣ ತಂತ್ರ. ಕಾರ್ಡ್ ಉಜ್ಜುವುದು ಮತ್ತು ವೈರಿಂಗ್ ಸ್ಕೆಲ್ಡ್‌ನಲ್ಲಿ ಕಾಮನ್ ಟಾಸ್ಕ್‌ಗಳು, ಬಂದರೆ ಎಲ್ಲರಿಗೂ ಬರುತ್ತವೆ, ಇಲ್ಲದಿದ್ದರೆ ಯಾರಿಗೂ ಇಲ್ಲ. ನಿಮ್ಮ ಪಟ್ಟಿಯಲ್ಲಿ ಕಾರ್ಡ್ ಇಲ್ಲದಿರುವಾಗ ಒಬ್ಬರು ಕಾರ್ಡ್ ಉಜ್ಜುತ್ತಿದ್ದೆ ಎಂದರೆ ಅಲ್ಲಿಗೆ ಮುಗಿಯಿತು.

ವೆಂಟಿನಿಂದ ಏಳುವುದನ್ನು ಕಣ್ಣಾರೆ ಕಂಡರೂ ಈಗ ಒಮ್ಮೆ ಯೋಚಿಸಬೇಕು. 2021ರ ನವೆಂಬರ್‌ನಲ್ಲಿ ಬಂದ ಪಾತ್ರಗಳಲ್ಲಿ ಎಂಜಿನಿಯರ್ ಕ್ರೂಮೇಟ್ ಆಗಿದ್ದೂ ವೆಂಟ್ ಬಳಸಬಹುದು. ಶೇಪ್‌ಶಿಫ್ಟರ್ ಇನ್ನೊಬ್ಬರ ವೇಷ ತೊಡಬಹುದು, ಹಾಗಾಗಿ ‘ಕೆಂಪು ಕೊಂದದ್ದನ್ನು ನೋಡಿದೆ’ ಎಂಬ ಮಾತು ಸತ್ಯವಾಗಿದ್ದೂ ಕೆಂಪು ನಿರಪರಾಧಿಯಾಗಿರಬಹುದು. ಆಟ ಶುರುವಾಗುವ ಮೊದಲು ಯಾವ ಪಾತ್ರಗಳು ಆನ್ ಇವೆ ಎಂದು ನೋಡಿ.

ಪ್ರಶ್ನೆ: ಸಾಕ್ಷಿ ಇಲ್ಲದಿದ್ದಾಗ ಸ್ಕಿಪ್ ಮಾಡಬೇಕೋ (ಯಾರನ್ನೂ ಔಟ್ ಮಾಡದೆ ಬಿಡಬೇಕೋ), ಅನುಮಾನದ ಮೇಲೆ ವೋಟು ಹಾಕಬೇಕೋ? ಗುಂಪಿನಲ್ಲಿ ಪ್ರತಿ ಸಲ ಇದೇ ಜಗಳ.

ಉತ್ತರ: ತಲೆ ಎಣಿಸಿ. ಉತ್ತರ ಅಲ್ಲೇ ಇದೆ.

ರಾತ್ರಿಗೆ ಒಬ್ಬರು ಮಾತ್ರ ಸಾಯುವ ಮಾಫಿಯಾ ಆಟ, ಇಬ್ಬರು ಮಾಫಿಯಾ ಎಂದಿಟ್ಟುಕೊಳ್ಳಿ. ಮಾಫಿಯಾ ಸಂಖ್ಯೆ ಊರವರ ಸಂಖ್ಯೆಗೆ ಸಮವಾದರೆ ಆಟ ಮುಗಿಯಿತು. ಏಳು ಜನ ಉಳಿದಿದ್ದರೆ ಊರವರು ಐವರು. ತಪ್ಪಾಗಿ ಒಬ್ಬರನ್ನು ಔಟ್ ಮಾಡಿದರೆ ನಾಲ್ವರು, ರಾತ್ರಿ ಕಳೆದರೆ ಮೂವರು. ಮರುದಿನ ಮತ್ತೆ ತಪ್ಪಿದರೆ ಎರಡಕ್ಕೆರಡು, ಸೋಲು. ಅಂದರೆ ಏಳರಲ್ಲಿ ಒಂದು ತಪ್ಪಿಗೆ ಮಾತ್ರ ಜಾಗವಿದೆ. ಅದೇ ಏಳರಲ್ಲಿ ಸ್ಕಿಪ್ ಮಾಡಿದರೆ ಬೆಳಿಗ್ಗೆಗೆ ಆರು ಜನ, ಆಮೇಲೆ ಒಂದು ತಪ್ಪಿಗೂ ಜಾಗವಿಲ್ಲ. ಬೆಸ ಸಂಖ್ಯೆಯಲ್ಲಿ ಸ್ಕಿಪ್ ಮಾಡುವುದೆಂದರೆ ಕೈಯಲ್ಲಿದ್ದ ಒಂದು ಅವಕಾಶ ಬಿಟ್ಟುಕೊಟ್ಟಂತೆ.

ಸರಿ ಸಂಖ್ಯೆಯಲ್ಲಿ ಹಾಗಲ್ಲ. ಆರು ಜನ ಉಳಿದಾಗ ಕುರುಡಾಗಿ ವೋಟು ಹಾಕಿದರೆ ಸರಿಯಾಗುವ ಸಾಧ್ಯತೆ ಆರರಲ್ಲಿ ಎರಡು, ಶೇ. 33. ಸ್ಕಿಪ್ ಮಾಡಿ ಐದಕ್ಕೆ ಇಳಿದರೆ ಐದರಲ್ಲಿ ಎರಡು, ಶೇ. 40. ಎರಡು ಕಡೆಯೂ ತಪ್ಪಿಗೆ ಜಾಗವಿಲ್ಲ, ಆದ್ದರಿಂದ ಸ್ಕಿಪ್ ಮಾಡುವುದೇ ಲಾಭ. ಮೇಲಾಗಿ ರಾತ್ರಿ ಯಾರು ಸತ್ತರು ಎಂಬ ಹೊಸ ಮಾಹಿತಿಯೂ ಸಿಗುತ್ತದೆ.

ಅಮಾಂಗ್ ಅಸ್‌ನಲ್ಲಿ ಈ ಸೂತ್ರವನ್ನು ಹಾಗೇ ಬಳಸಿದರೆ ಸೋಲುತ್ತೀರಿ, ಏಕೆಂದರೆ ಇಬ್ಬರು ಇಂಪೋಸ್ಟರ್‌ಗಳು ಒಂದೇ ಸುತ್ತಿನಲ್ಲಿ ಒಬ್ಬೊಬ್ಬರನ್ನು ಕೊಲ್ಲಬಹುದು. ಏಳು ಜನ ಇರುವಾಗ ತಪ್ಪು ವೋಟು ಹಾಕಿದರೆ ನಾಲ್ವರು ಕ್ರೂಮೇಟ್ ಉಳಿಯುತ್ತಾರೆ, ಜೋಡಿ ಕೊಲೆಯಾದರೆ ಎರಡಕ್ಕೆರಡು. ಆದ್ದರಿಂದ ಅಲ್ಲಿ ಏಳರಲ್ಲಿ ಸಾಕ್ಷಿ ಇಲ್ಲದಿದ್ದರೆ ಸ್ಕಿಪ್ ಮಾಡಿ, ಆರರಲ್ಲಿ ಮತ್ತು ಐದರಲ್ಲಿ ವೋಟು ಹಾಕಲೇಬೇಕು. ಆರರಲ್ಲಿ ಸ್ಕಿಪ್ ಮಾಡಿದರೆ ಒಂದು ಜೋಡಿ ಕೊಲೆಗೆ ಆಟ ಮುಗಿಯುತ್ತದೆ. ಟಾಸ್ಕ್ ಎಲ್ಲ ಮುಗಿದರೆ ಕ್ರೂಮೇಟ್‌ಗಳೇ ಗೆಲ್ಲುವುದರಿಂದ, ಟಾಸ್ಕ್ ಬಾರ್ ತುದಿಗೆ ಬಂದಿದ್ದರೆ ಮಾತ್ರ ಇದನ್ನು ಮೀರಬಹುದು.

ಐದು ಜನ ಉಳಿದಾಗಲೂ ‘ಇನ್ನೊಂದು ಸುತ್ತು ನೋಡೋಣ’ ಎಂದು ಒತ್ತಾಯಿಸುವವರು ಇರುತ್ತಾರೆ. ಈ ಲೆಕ್ಕವನ್ನು ಒಮ್ಮೆ ವಿವರಿಸಿ. ಅರ್ಥವಾದ ಮೇಲೂ ಅದೇ ಹಟ ಹಿಡಿದರೆ ನಿಮ್ಮ ವೋಟು ಅವರಿಗೇ ಹೋಗಬೇಕು.

ಪ್ರಶ್ನೆ: ನಾವು ಮಾಫಿಯಾವನ್ನು ಟೆಕ್ಸ್ಟ್ ಚಾಟ್‌ನಲ್ಲಿ ಆಡುತ್ತೇವೆ. ನಡೆ, ಕೋಣೆ, ವೆಂಟ್ ಏನೂ ಇಲ್ಲ, ಬರೀ ಮಾತು. ಯಾವುದನ್ನು ನಂಬಬೇಕು?

ಉತ್ತರ: ವೋಟನ್ನು. ಬರೀ ಮಾತಿಗೆ ಖರ್ಚಿಲ್ಲ. ವೋಟು ಹಾಕಿದರೆ ಆಟ ಒಂದು ಕಡೆಗೆ ವಾಲುತ್ತದೆ, ಮಾಫಿಯಾಕ್ಕೆ ಅದು ನಿಜವಾಗಿ ನೋಯುತ್ತದೆ.

ಒಂದು ಹಾಳೆಯಲ್ಲಿ ಪ್ರತಿ ದಿನಕ್ಕೊಂದು ಸಾಲು ಎಳೆದು, ಯಾರ ಮೇಲೆ ಯಾರು ಯಾವ ಕ್ರಮದಲ್ಲಿ ವೋಟು ಹಾಕಿದರು, ಯಾರು ವಾಪಸ್ ಪಡೆದರು ಎಂದು ಬರೆಯುತ್ತಾ ಹೋಗಿ. ಒಬ್ಬ ಮಾಫಿಯಾ ಸಿಕ್ಕಿಬಿದ್ದು ಪಾತ್ರ ಬಯಲಾದ ದಿನ ಈ ಹಾಳೆಗೆ ಜೀವ ಬರುತ್ತದೆ. ಒಂಬತ್ತು ಜನರ ಆಟದಲ್ಲಿ ಬಹುಮತಕ್ಕೆ ಐದು ವೋಟು ಬೇಕು. ಆ ಮಾಫಿಯಾ ಮೇಲೆ ಬಿದ್ದ ಮೊದಲ ಎರಡು ವೋಟುಗಳನ್ನು ಗೌರವಿಸಿ, ಫಲಿತಾಂಶ ಗೊತ್ತಿಲ್ಲದಾಗ ಹಾಕಿದವು ಅವು. ಐದನೆಯದಾದ ಮೇಲೆ ಬಂದ ವೋಟಿಗೆ ಬೆಲೆಯೇ ಇಲ್ಲ. ಅನುಮಾನ ಪಡಬೇಕಾದದ್ದು ನಾಲ್ಕು-ಐದನೇ ವೋಟಿನ ಮೇಲೆ. ಜೊತೆಗಾರ ಹೇಗೂ ಉಳಿಯುವುದಿಲ್ಲ ಎಂದು ಖಚಿತವಾದಾಗ ಉಳಿದ ಮಾಫಿಯಾ ಒಳ್ಳೆಯವರಂತೆ ಕಾಣಲು ಹತ್ತುವುದು ಇದೇ ಹೊತ್ತಿಗೆ.

ಇನ್ನೂ ಸೂಕ್ಷ್ಮವಾದದ್ದು, ಕೇಳದೆ ಬಿಟ್ಟ ಪ್ರಶ್ನೆಗಳು. ಸಿಕ್ಕಿಬಿದ್ದವರ ಜೊತೆ ಹಿಂದಿನ ದಿನಗಳಲ್ಲಿ ಯಾರು ಹೇಗೆ ಮಾತಾಡಿದ್ದರು ಎಂದು ಚಾಟನ್ನು ಮೇಲಕ್ಕೆ ಸರಿಸಿ ಓದಿ. ಊರವರು ಪ್ರಶ್ನೆ ಕೇಳುತ್ತಾರೆ, ಉತ್ತರ ಬರದಿದ್ದರೆ ಮತ್ತೆ ಕೇಳುತ್ತಾರೆ, ಏಕೆಂದರೆ ಅವರಿಗೆ ಉತ್ತರ ಬೇಕು. ಮಾಫಿಯಾಕ್ಕೆ ತನ್ನ ಜೊತೆಗಾರನ ಬಗ್ಗೆ ತಿಳಿಯಬೇಕಾದದ್ದು ಏನೂ ಇಲ್ಲ. ಹಾಗಾಗಿ ‘ನನಗೂ ಅವರ ಮೇಲೆ ಸ್ವಲ್ಪ ಅನುಮಾನವಿದೆ’ ಎಂದು ದಾಖಲೆಗೆ ಒಂದು ಮಾತು ಹಾಕಿ, ಉತ್ತರಕ್ಕೆ ಕಾಯದೆ ಬೇರೆಯವರ ಕಡೆ ತಿರುಗುತ್ತಾರೆ. ಇಂಥ ಹುಸಿ ಅನುಮಾನ ಎರಡು ಕಡೆ ಸಿಕ್ಕರೆ ಎರಡನೇ ಮಾಫಿಯಾ ಬಹುತೇಕ ನಿಮ್ಮ ಕೈಯಲ್ಲಿದ್ದಾರೆ.

ಅಭಿಪ್ರಾಯ ಬದಲಾಗುವ ರೀತಿಯನ್ನೂ ನೋಡಿ. ಹೊಸ ಸಂಗತಿ ಬಂದಾಗ ಬದಲಾದರೆ ಸಹಜ. ಹೊಸದೇನೂ ಬಾರದೆ, ಗುಂಪು ತಿರುಗಿತೆಂದು ಮಾತ್ರ ಬದಲಾದರೆ ‘ಬೆಳಿಗ್ಗೆ ಅವರು ಒಳ್ಳೆಯವರು ಎಂದಿರಲ್ಲ, ಈಗ ಏನು ಬದಲಾಯಿತು?’ ಎಂದು ನೇರವಾಗಿ ಕೇಳಿ.

ಪ್ರಶ್ನೆ: ಮಾಫಿಯಾದಲ್ಲಿ ನಾನೇ ಪೊಲೀಸ್ (ರಾತ್ರಿಗೊಬ್ಬರನ್ನು ಗುಟ್ಟಾಗಿ ಪರೀಕ್ಷಿಸುವ ಪಾತ್ರ) ಎಂದು ಇಬ್ಬರು ಹೇಳಿಕೊಂಡರೆ?

ಉತ್ತರ: ಆಟದಲ್ಲಿ ಒಬ್ಬರೇ ಪೊಲೀಸ್ ಇದ್ದರೆ ಒಬ್ಬರ ಮಾತಂತೂ ಸುಳ್ಳು. ಇಬ್ಬರಿಗೂ ರಾತ್ರಿವಾರು ಲೆಕ್ಕ ಕೇಳಿ: ಮೊದಲ ರಾತ್ರಿ ಯಾರನ್ನು ಪರೀಕ್ಷಿಸಿದಿರಿ, ಏಕೆ ಅವರನ್ನೇ, ಫಲಿತಾಂಶ ಏನು. ಆಮೇಲೆ ಅವರ ಹಗಲಿನ ಮಾತು ಅದಕ್ಕೆ ಹೊಂದುತ್ತದೆಯೇ ನೋಡಿ. ಮೊದಲ ರಾತ್ರಿಯೇ ನೀಲಿ ಒಳ್ಳೆಯವರು ಎಂದು ತಿಳಿದಿದ್ದವರು ಎರಡನೇ ಹಗಲು ನೀಲಿ ಮೇಲೆ ವೋಟು ಹಾಕಿದ್ದರೆ ಕತೆ ಈಗ ತಾನೇ ಹೆಣೆದದ್ದು. ನಿಜವಾದ ಪೊಲೀಸಿನ ಫಲಿತಾಂಶವೂ ಕೆಲವೊಮ್ಮೆ ತಪ್ಪಿರುತ್ತದೆ. ಇದೇ ಬಗೆಯ ‘ಟೌನ್ ಆಫ್ ಸೇಲಂ’ ಆಟದಲ್ಲಿ ಮಾಫಿಯಾ ನಾಯಕ ಗಾಡ್‌ಫಾದರ್, ಶೆರಿಫ್ (ಅಲ್ಲಿನ ಪೊಲೀಸ್) ಕಣ್ಣಿಗೆ ಒಳ್ಳೆಯವರಾಗಿ ಕಾಣುತ್ತಾರೆ, ಫ್ರೇಮರ್ ಒಳ್ಳೆಯವರನ್ನು ಕೆಟ್ಟವರಾಗಿ ತೋರಿಸಬಲ್ಲರು. ಅದೇ ಆಟದ ಜೆಸ್ಟರ್‌ಗೆ ನೀವು ಅವರನ್ನು ಔಟ್ ಮಾಡುವುದೇ ಗೆಲುವು. ಬೇಕೆಂದೇ ಅನುಮಾನ ಬರುವಂತೆ ನಡೆದುಕೊಳ್ಳುವವರನ್ನು ಅಲ್ಲಿ ಸುಮ್ಮನೆ ಬಿಟ್ಟುಬಿಡಿ.

ಪ್ರಶ್ನೆ: ಅವಲಾನ್‌ನಲ್ಲಿ (ಮಿಷನ್‌ಗೆ ಆಯ್ದ ತಂಡದವರು ಗುಟ್ಟಾಗಿ ಸಕ್ಸೆಸ್ ಅಥವಾ ಫೇಲ್ ಕಾರ್ಡ್ ಹಾಕುವ ಆಟ) ಏಳು ಜನ ಆಡುವಾಗ ಇಬ್ಬರ ಮೊದಲ ಮಿಷನ್ ಒಂದು ಫೇಲ್ ಕಾರ್ಡಿನಿಂದ ಸೋತಿತು. ಆ ಇಬ್ಬರನ್ನೂ ಕೊನೆವರೆಗೆ ದೂರ ಇಡಬೇಕೇ?

ಉತ್ತರ: ಏಳರಲ್ಲಿ ಮೂವರು ದುಷ್ಟರು. ಮಿಷನ್‌ಗೆ ಮೊದಲು ಯಾರೇ ಆಗಲಿ ದುಷ್ಟರಾಗಿರುವ ಸಾಧ್ಯತೆ ಶೇ. 43. ಸೋತ ಮೇಲೆ ಆ ಇಬ್ಬರಿಗೂ ತಲಾ ಶೇ. 60, ಉಳಿದ ಐವರಿಗೆ ತಲಾ ಶೇ. 36. ಸದ್ಯಕ್ಕೆ ದೂರ ಇಡುವುದು ಸರಿ. ಆದರೆ ಹೊರಗಿರುವ ಐವರಲ್ಲಿ ಕನಿಷ್ಠ ಒಬ್ಬ ದುಷ್ಟರು ಇದ್ದೇ ಇರುತ್ತಾರೆ, ಹೆಚ್ಚಿನ ಸಲ ಇಬ್ಬರು. ಒಂದೇ ಫೇಲ್ ಬಿತ್ತು ಎಂದ ಮಾತ್ರಕ್ಕೆ ತಂಡದಲ್ಲಿ ಒಬ್ಬರೇ ದುಷ್ಟರು ಎಂದೂ ಅಲ್ಲ, ಇನ್ನೊಬ್ಬರು ಅಡಗಿಕೊಳ್ಳಲು ಸಕ್ಸೆಸ್ ಹಾಕಿರಬಹುದು. ಎರಡು ಫೇಲ್ ಬಿದ್ದಿದ್ದರೆ ಮಾತ್ರ ಇಬ್ಬರೂ ಖಚಿತ. ಏಳು ಜನರ ಆಟದಲ್ಲಿ ನಾಲ್ಕನೇ ಮಿಷನ್ ಸೋಲಲು ಎರಡು ಫೇಲ್ ಬೇಕು ಎಂಬುದೂ ನೆನಪಿರಲಿ, ಅಲ್ಲಿ ಒಂದು ಫೇಲ್ ಬಿದ್ದು ಗೆದ್ದರೂ ತಂಡ ಶುದ್ಧವಲ್ಲ.

ಪ್ರಶ್ನೆ: ಆಟವಿಡೀ ನನ್ನ ಪರ ನಿಂತವರೇ ಕೊನೆಗೆ ಇಂಪೋಸ್ಟರ್ ಆಗಿರುತ್ತಾರೆ. ಮೊದಲೇ ತಿಳಿಯುವ ದಾರಿ ಇದೆಯೇ?

ಉತ್ತರ: ಇದನ್ನು ಆಟಗಾರರು ಜೇಬಿಗೆ ಹಾಕಿಕೊಳ್ಳುವುದು ಎನ್ನುತ್ತಾರೆ. ಮೈತ್ರಿ ಮಾಡಿಕೊಂಡು ಮುರಿಯುವ ‘ಡಿಪ್ಲೊಮಸಿ’ ಆಟದ ಆನ್‌ಲೈನ್ ಸಂದೇಶಗಳ ಮೇಲೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಇಬ್ಬರ ನಡುವಿನ ವಿನಯ, ಸಂತಸದ ಮಾತು, ಮುಂದಿನ ಯೋಜನೆಯ ಮಾತು ಇವುಗಳ ಸಮತೋಲನ ಹಠಾತ್ತನೆ ಏರುಪೇರಾದರೆ ಅದು ದ್ರೋಹದ ಮುನ್ಸೂಚನೆ. ನಿಮ್ಮ ಆಟದಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟು: ನೀವು ಒಳ್ಳೆಯವರು ಎಂದು ಅವರಿಗೆ ಹೇಗೆ ಗೊತ್ತಾಯಿತು? ನಿಮ್ಮ ಸ್ಕ್ಯಾನ್ ನೋಡಿಲ್ಲ, ನಿಮ್ಮ ಜೊತೆ ನಡೆದಿಲ್ಲ, ಆದರೂ ಮೊದಲ ಮೀಟಿಂಗಿನಲ್ಲೇ ‘ಇವರು ಖಂಡಿತ ಅಲ್ಲ’ ಎಂದರೆ, ಯಾರು ಅಲ್ಲ ಎಂದು ಅಷ್ಟು ಖಚಿತವಾಗಿ ಗೊತ್ತಿರುವುದು ಇಂಪೋಸ್ಟರ್‌ಗಳಿಗೆ ಮಾತ್ರ.

ಪ್ರಶ್ನೆ: ‘ಆಣೆ ಮಾಡಿ ಹೇಳು’ ಎಂದು ಕೇಳಬಹುದೇ? ಸತ್ತವರು ಬೇರೆ ಕಾಲ್‌ನಲ್ಲಿ ಹೆಸರು ಹೇಳಿಬಿಟ್ಟರೆ?

ಉತ್ತರ: ಎರಡನ್ನೂ ನಿಯಮ ಮಾಡಿ ನಿಷೇಧಿಸಿ. ಆಣೆ ಕೇಳಿದರೆ ಸುಳ್ಳು ಹೇಳುವುದೇ ಪಾತ್ರವಾಗಿರುವ ಆಟಗಾರರು ಆಟಕ್ಕೂ ಗೆಳೆತನಕ್ಕೂ ನಡುವೆ ಸಿಕ್ಕಿಬೀಳುತ್ತಾರೆ. ಸತ್ತ ಕೂಡಲೇ ವಾಯ್ಸ್ ಮ್ಯೂಟ್ ಮಾಡಬೇಕು, ಆಟ ಮುಗಿಯುವವರೆಗೆ ಖಾಸಗಿ ಸಂದೇಶ ಕಳಿಸಬಾರದು. ಯಾರಾದರೂ ಹೆಸರು ಬಿಟ್ಟುಕೊಟ್ಟರೆ ಆ ಸುತ್ತನ್ನು ಅಲ್ಲಿಗೇ ರದ್ದು ಮಾಡಿ ಹೊಸದಾಗಿ ಶುರುಮಾಡಿ.